ಎರಡರ ಅರವತ್ತೇಳನೇ ಘಾತ, ಒಂದು ಕಡಿಮೆ

೧೯೦೨ ನವೆಂಬರ್ ೯, ಭಾನುವಾರ

ನಿನ್ನೆ ಮಧ್ಯಾಹ್ನ ಝೆಫಿರ್ ಅಣ್ಣನನ್ನು ಕೈಹಿಡಿದು ಮನೆಗೆ ಕರೆತಂದ. ಇಬ್ಬರ ಬೂಟಿಗೂ ಮೊಣಕಾಲಿನವರೆಗೆ ಕೆಸರು. ಸ್ಕಾರ್ಪ್ ನದಿಯ ಕಟ್ಟೆಯ ತುದಿಯಲ್ಲಿ ಅಣ್ಣ ನಿಂತಿದ್ದನಂತೆ. ಟೋಪಿ ತೆಗೆದು, ಕೋಟು ಮಡಿಸಿ, ಎರಡನ್ನೂ ಪಕ್ಕದಲ್ಲಿ ಇಟ್ಟಿದ್ದನಂತೆ.

ಝೆಫಿರ್ ನಮ್ಮ ಓಣಿಯ ಕೊನೆಯ ಮನೆಯವನು, ಬಿಯರ್ ಕಾರ್ಖಾನೆಯ ಗಾಡಿ ಹೊಡೆಯುತ್ತಾನೆ, ಪಾರಿವಾಳ ಸಾಕುತ್ತಾನೆ. "ಮೇಷ್ಟ್ರು ದಾರಿ ತಪ್ಪಿದ್ರು ಅಕ್ಕೋರೇ," ಅಂದ. ನನ್ನ ಮುಖ ನೋಡಲಿಲ್ಲ.

ಡಾಕ್ಟರ್ ಲೆಸ್ತಿಯೆನ್ ಬಂದು ನೋಡಿದರು. ಹೊರಡುವಾಗ ಅಡುಗೆಮನೆಗೆ ಬಂದು ದನಿ ತಗ್ಗಿಸಿ ಹೇಳಿದರು: "ಕಣ್ಣಿಗೆ ನನ್ನ ಹತ್ರ ಔಷಧಿ ಇಲ್ಲ, ಅದು ನಿಮಗೂ ಗೊತ್ತು. ಆದ್ರೆ ದಿನವಿಡೀ ಗೋಡೆ ಕಡೆ ಮುಖ ಮಾಡಿ ಕೂರೋಕೆ ಬಿಡಬೇಡಿ. ಕೆಲಸ ಕೊಡಿ. ಏನಾದ್ರೂ ಸರಿ, ತಲೆಗೆ ಕೆಲಸ."

ಕುರುಡನಾದ ಗಣಿತದ ಮೇಷ್ಟ್ರಿಗೆ ನಾನು ಏನು ಕೆಲಸ ಕೊಡಲಿ? ಬಟಾಣಿ ಸುಲಿ ಅನ್ನಲೇ?

ನವೆಂಬರ್ ೧೨

ಇವತ್ತು ಸೂಪು ಬಡಿಸುತ್ತ ಕೇಳಿಯೇಬಿಟ್ಟೆ. "ಅಣ್ಣಾ, ನಿನ್ನ ಆ ಸಂಖ್ಯೆ ಎಲ್ಲಿಗೆ ಬಂದಿತ್ತು?"

ಅಣ್ಣ ಚಮಚ ಕೆಳಗಿಟ್ಟ. "ಅರವತ್ತು ಲಕ್ಷದ ಹತ್ರದ ತನಕ ಭಾಗಿಸಿ ನೋಡಿದ್ದೆ. ಯಾಕೆ?"

"ನಾನು ಭಾಗಿಸ್ತೀನಿ. ನೀನು ಹೇಳು."

"ಕ್ಲೊತಿಲ್ಡ್, ನಿನಗೆ ಅದು ಏನು ಅಂತಾನೂ ಗೊತ್ತಿಲ್ಲ."

"ಹೇಳಿದ್ರೆ ಗೊತ್ತಾಗುತ್ತೆ. ಹುಡುಗಿಯರಿಗೆ ಭಾಗಾಕಾರ ಕಲಿಸಿಯೇ ಅನ್ನ ತಿಂತಿರೋದು ನಾನು."

ಹೇಳಿದ. ಹೇಳುತ್ತ ಹೇಳುತ್ತ ಬೆನ್ನು ನೆಟ್ಟಗಾಯಿತು, ಅದನ್ನು ನೋಡಿದೆ. ಎರಡನ್ನು ಎರಡರಿಂದ ಗುಣಿಸುತ್ತ ಹೋಗಬೇಕು, ಅರವತ್ತೇಳು ಎರಡುಗಳು ಆಗುವ ತನಕ. ಕೊನೆಗೆ ಒಂದು ಕಳೆಯಬೇಕು. ಇಪ್ಪತ್ತೊಂದು ಅಂಕಿ ಬರುತ್ತದೆ: ೧೪೭೫೭೩೯೫೨೫೮೯೬೭೬೪೧೨೯೨೭. ಇನ್ನೂರೈವತ್ತು ವರ್ಷಗಳ ಹಿಂದೆ ಪ್ಯಾರಿಸ್ಸಿನ ಒಬ್ಬ ಸನ್ಯಾಸಿ, ಇದು ಅವಿಭಾಜ್ಯ, ಯಾವುದರಿಂದಲೂ ಒಡೆಯುವುದಿಲ್ಲ ಎಂದು ಬರೆದಿಟ್ಟ. ಹಾಗಿದ್ದರೆ ಇದರಿಂದ ಒಂದು ಪರಿಪೂರ್ಣ ಸಂಖ್ಯೆ ಹುಟ್ಟಬೇಕಿತ್ತು. ಆರರ ಹಾಗೆ: ಆರನ್ನು ಭಾಗಿಸುವ ಒಂದು, ಎರಡು, ಮೂರನ್ನು ಕೂಡಿದರೆ ಮತ್ತೆ ಆರೇ. ಇಪ್ಪತ್ತೆಂಟೂ ಹಾಗೆಯೇ. ಅಂಥವು ಈ ಪ್ರಪಂಚದಲ್ಲಿ ಬೆರಳೆಣಿಕೆಯಷ್ಟು ಸಿಕ್ಕಿವೆ. ಆದರೆ ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮ ದೇಶದವರೇ ಒಬ್ಬರು ಸುತ್ತುದಾರಿಯ ಪರೀಕ್ಷೆಯೊಂದನ್ನು ಕಂಡುಹಿಡಿದು, ಸನ್ಯಾಸಿಯ ಮಾತು ತಪ್ಪು, ಇದು ಒಡೆಯುತ್ತದೆ ಎಂದು ತೋರಿಸಿದರು. ಎಲ್ಲಿ ಒಡೆಯುತ್ತದೆ ಎಂದು ಆ ಪರೀಕ್ಷೆ ಹೇಳುವುದಿಲ್ಲ.

"ಅಂದ್ರೆ ಕಾಯಿಲೆ ಇದೆ ಅಂತ ಗೊತ್ತು, ಎಲ್ಲಿದೆ ಅಂತ ಗೊತ್ತಿಲ್ಲ," ಅಂದೆ.

"ಹೌದು, ಹಾಗೇನೇ." ಅಣ್ಣ ರೊಟ್ಟಿಗೆ ಕೈಚಾಚಿದ. ಒಂದು ವಾರದಲ್ಲಿ ತಾನಾಗಿ ಕೈಚಾಚಿದ್ದು ಇದೇ ಮೊದಲು.

ನವೆಂಬರ್ ೨೦

ಬೇಸರದ ಕೆಲಸ. ಶಾಲೆಯಿಂದ ಬಂದು ಕೋಟು ಬಿಚ್ಚುವಷ್ಟರಲ್ಲಿ ಅಣ್ಣ ಮೇಜಿನ ಹತ್ತಿರ ಕಾದು ಕೂತಿರುತ್ತಾನೆ. ಯಾವುದರಿಂದ ಬೇಕಾದರೂ ಭಾಗಿಸಿ ನೋಡುವ ಹಾಗಿಲ್ಲ, ಅದೊಂದು ಪುಣ್ಯ. ಆ ಸಂಖ್ಯೆಯನ್ನು ಒಡೆಯಬಲ್ಲ ಅವಿಭಾಜ್ಯ ಯಾವುದೇ ಇರಲಿ, ಅದನ್ನು ೧೩೪ರಿಂದ ಭಾಗಿಸಿದರೆ ಒಂದು ಉಳಿಯಲೇಬೇಕಂತೆ. ಇನ್ನೂ ಒಂದು ಜರಡಿ ಇದೆ. ಅದರಲ್ಲಿ ಉಳಿದವುಗಳಲ್ಲಿ ಅರ್ಧ ಉದುರುತ್ತವೆ. ಅಣ್ಣ ಇದನ್ನೆಲ್ಲ ತಲೆಯಲ್ಲೇ ಲೆಕ್ಕ ಹಾಕಿ ಹೇಳುತ್ತಾನೆ. ಅವಿಭಾಜ್ಯ ಹೌದೋ ಅಲ್ಲವೋ ಎಂದು ನಾನು ಅಚ್ಚಾದ ಕೋಷ್ಟಕದಲ್ಲಿ ನೋಡುತ್ತೇನೆ. ಹೌದಾದರೆ ಭಾಗಿಸುತ್ತೇನೆ. ಶೇಷ ಉಳಿಯುತ್ತದೆ. ಮುಂದಿನದು.

ಪ್ರತಿ ಸಲವೂ ಶೇಷ ಉಳಿಯುತ್ತದೆ.

ಬೆರಳಿಗೆ ಶಾಯಿ ಹತ್ತಿದೆ ಎಂದು ಮೂರನೇ ತರಗತಿಯ ಹುಡುಗಿಯರು ಬಾಯಿ ಮುಚ್ಚಿಕೊಂಡು ನಗುತ್ತಾರೆ. ಇರಲಿ. ಅಣ್ಣ ಗಡ್ಡ ಬೋಳಿಸಿಕೊಂಡ.

ಡಿಸೆಂಬರ್ ೭

ಬೀಜದಂಗಡಿಯ ವತೇಲ್ ಅವರು ನಿನ್ನೆ ಸಂತ ನಿಕೊಲಾಸರ ಹಬ್ಬಕ್ಕೆ ಶುಂಠಿ ರೊಟ್ಟಿ ತಂದುಕೊಟ್ಟರು. ಹೆಂಡತಿ ತೀರಿಕೊಂಡು ಎರಡು ವರ್ಷವಾಯಿತು. ತುಂಬ ಮಾತಿನವರಲ್ಲ. ಕೂತಷ್ಟು ಹೊತ್ತೂ ಟೋಪಿಯನ್ನು ಮಂಡಿಯ ಮೇಲೆ ತಿರುಗಿಸುತ್ತಿದ್ದರು.

"ನಿಮಗೆ ಟುಲಿಪ್ ಇಷ್ಟಾನೋ, ಹಯಸಿಂತ್ ಇಷ್ಟಾನೋ?" ಎಂದು ಕೇಳಿದರು.

"ನಮ್ಮ ಹಿತ್ತಿಲಲ್ಲಿ ಬಟ್ಟೆ ಒಣಹಾಕೋ ಹಗ್ಗ ಬಿಟ್ರೆ ಏನೂ ಬೆಳೆಯಲ್ಲ."

"ನನ್ನ ಹಿತ್ತಿಲಲ್ಲಿ ಜಾಗ ಇದೆ," ಅಂದವರೇ ಕಿವಿಯವರೆಗೆ ಕೆಂಪಾದರು.

ಹೋದ ಮೇಲೆ ಅಣ್ಣ ನಕ್ಕ. "ಮೂವತ್ತೆಂಟಕ್ಕೆ ಹೂ ಬಿಡ್ತಿದೀಯ ಕಣೇ." ನಾನು ಬೈದೆ. ಆದರೆ ಕನ್ನಡಿಯಲ್ಲಿ ನೋಡಿಕೊಂಡೆ, ಸುಳ್ಳು ಯಾಕೆ ಬರೆಯಲಿ.

೧೯೦೩ ಜನವರಿ ೧೮

ವತೇಲ್ ಅವರ ಜೊತೆ ಕೋಟೆಯ ಹೊರಗಿನ ಸಾಲುಮರದ ದಾರಿಯಲ್ಲಿ ನಡೆದೆ. ಕಾಲುವೆ ಹೆಪ್ಪುಗಟ್ಟಿತ್ತು. ಮಕ್ಕಳು ಮರದ ಬೂಟಿನಲ್ಲೇ ಜಾರಾಡುತ್ತಿದ್ದರು. ವತೇಲ್ ಕೇಳಬೇಕಾದ್ದನ್ನು ಕೇಳಿದರು. ಸರಳವಾಗಿ, ಬೀಜದ ಚೀಲದ ತೂಕ ಹೇಳುವ ಹಾಗೆ.

ಅಣ್ಣನ ವಿಷಯ ಹೇಳಿದೆ. "ಅವರೂ ಬರಲಿ, ಕೆಳಗಿನ ಕೋಣೆ ಖಾಲಿ ಇದೆ," ಅಂದರು. ಇಷ್ಟು ಒಳ್ಳೆಯ ಉತ್ತರ ಬರುತ್ತದೆಂದು ನಾನು ಎಣಿಸಿರಲಿಲ್ಲ. ಆಮೇಲೆ, ನಮ್ಮ ಕೋಷ್ಟಕ ತೊಂಬತ್ತು ಲಕ್ಷಕ್ಕೆ ಮುಗಿಯುತ್ತದೆ, ಈಸ್ಟರ್ ಹೊತ್ತಿಗೆ ಅಲ್ಲಿಗೆ ಮುಟ್ಟುತ್ತೇವೆ, ಅಷ್ಟರವರೆಗೆ ಕಾಯಿರಿ ಎಂದೆ. ಅವರಿಗೆ ಪೂರ್ತಿ ಅರ್ಥವಾಗಲಿಲ್ಲ ಎಂದು ತೋರುತ್ತದೆ. ತಲೆಯಾಡಿಸಿದರು.

ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ೧೩೪ರ ಮಗ್ಗಿ ಓಡುತ್ತಿತ್ತು. ಹೆಜ್ಜೆಗೆ ಅದು ಚೆನ್ನಾಗಿ ಹೊಂದುತ್ತದೆ.

ಮಾರ್ಚ್ ೩

ಇವತ್ತು ಶೇಷ ಬರೀ ೩೧೨. ಏಳು ಅಂಕಿಯ ಭಾಜಕ, ಉಳಿದದ್ದು ಮೂರೇ ಅಂಕಿ. ಮುಂದುಮುಂದಕ್ಕೆ ಹೋದಂತೆ ಲೆಕ್ಕ ಸಣ್ಣದಾಗುತ್ತ ಬಂದಾಗ ಇನ್ನೇನು, ಇನ್ನೇನು ಅನ್ನಿಸಿತು.

"ಹತ್ರ ಬಂದ್ವಿ ಅಣ್ಣಾ."

"ಹತ್ರ ಅನ್ನೋದು ಇಲ್ಲ ಇದರಲ್ಲಿ. ಮುನ್ನೂರ ಹನ್ನೆರಡು ಉಳಿದ್ರೂ ಒಂದೇ, ಮೂವತ್ತು ಲಕ್ಷ ಉಳಿದ್ರೂ ಒಂದೇ. ಬಾಗಿಲು ಅಲ್ಲದ ಕಡೆ ಎಷ್ಟು ಮೆತ್ತಗೆ ತಟ್ಟಿದ್ರೂ ಗೋಡೆ ಗೋಡೆನೇ."

ಅವನ ಮಾತು ಸರಿ. ಆದರೂ ಆ ಹಾಳೆಯನ್ನು ಬೇರೆ ಇಟ್ಟಿದ್ದೇನೆ.

ಏಪ್ರಿಲ್ ೧೨, ಈಸ್ಟರ್

ಕೋಷ್ಟಕ ಮುಗಿಯಿತು. ತೊಂಬತ್ತು ಲಕ್ಷ. ಇಲ್ಲಿಂದ ಮುಂದೆ ಯಾವುದು ಅವಿಭಾಜ್ಯ, ಯಾವುದು ಅಲ್ಲ ಎಂದು ಹೇಳುವ ಪುಸ್ತಕ ನಮ್ಮಲ್ಲಿಲ್ಲ. ನಾವೇ ಜರಡಿ ಹಿಡಿಯಬೇಕು. ದೊಡ್ಡ ಹಾಳೆಗಳಿಗೆ ಗೆರೆ ಎಳೆದಿಟ್ಟುಕೊಂಡೆ. ಮೂರರಿಂದ ಹೋಗುವವು, ಐದರಿಂದ, ಏಳರಿಂದ, ಹೀಗೆ ಹೊಡೆದುಹಾಕುತ್ತ ಹೋದರೆ ಕೊನೆಗೆ ಅಲ್ಲೊಂದು ಇಲ್ಲೊಂದು ಉಳಿಯುತ್ತವೆ.

ಅಣ್ಣ ಅಂದ, "ಇಲ್ಲಿಗೆ ನಿಲ್ಲಿಸಬಹುದು ಕ್ಲೋ. ಒಳ್ಳೆ ಜಾಗ. ಮುಂದೆ ಯಾರಾದ್ರೂ ಬಂದ್ರೆ ತೊಂಬತ್ತು ಲಕ್ಷದ ತನಕ ಇಲ್ಲ ಅಂತ ಹೇಳೋಕಾಗುತ್ತೆ."

"ಹಾಳೆಗೆ ಗೆರೆ ಎಳೆದಾಯ್ತು," ಅಂದೆ.

ವತೇಲ್ ಅವರು ಸಂಜೆ ಹಯಸಿಂತ್ ಹೂವಿನ ಕುಂಡ ತಂದರು. ಇನ್ನು ಸ್ವಲ್ಪ ದಿನ ಎಂದೆ. "ಎಷ್ಟು ದಿನ?" ಎಂದರು. ಆ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಅದು ಪ್ರಶ್ನೆಯೇ ಆಗಿರುತ್ತಿರಲಿಲ್ಲ. ಹಾಗೆ ಹೇಳಿದೆನೋ, ಮನಸ್ಸಿನಲ್ಲೇ ಅಂದುಕೊಂಡೆನೋ ನೆನಪಿಲ್ಲ. ಕುಂಡದ ನೀರು ಹಾಳೆಯ ಮೇಲೆ ಚೆಲ್ಲಿತು. ಕುಂಡವನ್ನು ಹಿತ್ತಿಲಲ್ಲಿ ಇಟ್ಟುಬಂದೆ.

ಝೆಫಿರ್ ಬಂದಿದ್ದ. ಮರಿಗಳು ಕಣ್ಣು ಬಿಟ್ಟಿವೆ, ಮೇಷ್ಟ್ರು ಬಂದು ಕೈಯಲ್ಲಿ ಹಿಡಿದು ನೋಡಲಿ ಎಂದು ಕರೆದ. ಅಣ್ಣ ಹೋದ. ಎರಡು ಗಂಟೆ ಕಾಲ ನಾನೊಬ್ಬಳೇ ಜರಡಿ ಹಿಡಿದೆ.

ಮೇ ೧೭, ಭಾನುವಾರ

ಅಣ್ಣನಿಗೆ ಪಾರಿವಾಳದ ಹುಚ್ಚು ಹಿಡಿದಿದೆ. ಪಂದ್ಯಕ್ಕೆಂದು ಅಮಿಯಾಂ ಊರಿನಿಂದ ಹಾರಿಬಿಟ್ಟ ಹಕ್ಕಿಗಳು ಬೆಳಿಗ್ಗೆ ಬಂದಿಳಿದವಂತೆ. ಒಂದೊಂದು ಗೂಡಿಗೂ ದೂರ ಬೇರೆ, ಇಳಿದ ಹೊತ್ತು ಬೇರೆ. ಯಾವುದು ಹೆಚ್ಚು ವೇಗವಾಗಿ ಬಂತು ಎಂದು ಲೆಕ್ಕ ಹಾಕಬೇಕು. ಹೋಟೆಲಿನ ಮೇಜಿನ ಸುತ್ತ ಇಡೀ ಪಾರಿವಾಳದ ಸಂಘ ಪೆನ್ಸಿಲ್ ಕಚ್ಚುತ್ತ ಕೂತಿದ್ದಾಗ ಅಣ್ಣ ಬಾಯಲ್ಲೇ ಉತ್ತರ ಹೇಳಿಬಿಟ್ಟನಂತೆ.

ಝೆಫಿರ್ ಬಾಗಿಲಲ್ಲೇ ನಿಂತು ಕೂಗಿದ: "ಅಕ್ಕೋರೇ, ಇವತ್ತು ಜಗಳಾನೇ ಆಗ್ಲಿಲ್ಲ! ಪ್ರತಿ ವರ್ಷ ಒಬ್ರಿಗಾದ್ರೂ ಮೂಗು ಒಡೀತಿತ್ತು. ಮೇಷ್ಟ್ರು ಹೇಳಿದ ಮೇಲೆ ಗೂಟ ಹೊಡೆದ ಹಾಗೆ."

"ಮುಂದಿನ ಭಾನುವಾರನೂ ಬಾ ಅಂದಿದಾರೆ," ಅಂದ ಅಣ್ಣ. ಬಾಯಿಂದ ಬಿಯರ್ ವಾಸನೆ. ಕೋಟಿನ ಮೇಲೆ ಹಕ್ಕಿಯ ಹಿಕ್ಕೆ. ನಗುತ್ತಿದ್ದ.

ಇಪ್ಪತ್ತೊಂದು ಅಂಕಿಯ ಸಂಖ್ಯೆಯನ್ನು ತಲೆಯಲ್ಲಿ ಹೊರಬಲ್ಲವನು ಹಕ್ಕಿ ಎಷ್ಟು ಹೊತ್ತಿಗೆ ಬಂತು ಎಂದು ಲೆಕ್ಕ ಹಾಕುತ್ತ ಕೂರುವುದು. ಡಾಕ್ಟರ್ ತಲೆಗೆ ಕೆಲಸ ಕೊಡಿ ಅಂದದ್ದು ಇದಕ್ಕಲ್ಲ. ನಾಳೆಯಿಂದ ದಿನಕ್ಕೆ ಎರಡು ಭಾಗಾಕಾರ ಹೆಚ್ಚು ಮಾಡಿ ಇವತ್ತಿನದನ್ನು ತುಂಬಿಸಿಕೊಳ್ಳಬೇಕು.

ಜೂನ್ ೯

ತಪ್ಪು ಸಿಕ್ಕಿತು. ಎಂಟು ಎಂದು ಬರೆಯಬೇಕಾದಲ್ಲಿ ಮೂರು ಬರೆದಿದ್ದೇನೆ, ಏಪ್ರಿಲ್ ಕೊನೆಯ ಹಾಳೆಯಲ್ಲಿ. ಅಲ್ಲಿಂದ ಜರಡಿಯ ಒಂದು ಸಾಲು ಇಡೀ ಓರೆ. ಒಡೆಯುವ ಸಂಖ್ಯೆ ಅಲ್ಲೇ ಇದ್ದು, ನಾನು ಕಾಣದೆ ದಾಟಿ ಬಂದಿದ್ದರೆ?

ಎಲ್ಲವನ್ನೂ ಮತ್ತೆ ಮಾಡುತ್ತೇನೆ. ಅಣ್ಣನಿಗೆ ಹೇಳಿದೆ. "ಒಂದು ಸಾಲು ಮಾತ್ರ ತಿದ್ದಿದ್ರೆ ಸಾಕಲ್ವಾ?" ಅಂದ. ಸಾಕು. ಆದರೂ ಎಲ್ಲವನ್ನೂ ಮಾಡುತ್ತೇನೆ.

ಜೂನ್ ೨೫

ಮತ್ತೆ ಮಾಡಿದೆ. ಏನೂ ಇರಲಿಲ್ಲ.

ಜುಲೈ ೫, ಭಾನುವಾರ

ಇವತ್ತು ಗಯಾಂ ರಾಕ್ಷಸನ ಮೆರವಣಿಗೆ. ಬೆತ್ತದಲ್ಲಿ ಹೆಣೆದ ಆ ಮಹಾಕಾಯ, ಅವನ ಹೆಂಡತಿ, ಮಕ್ಕಳು, ಎಲ್ಲ ನಮ್ಮ ಕಿಟಕಿಯ ಕೆಳಗೇ ಕುಣಿಯುತ್ತ ಹೋದರು. ಡೋಲಿನ ಸದ್ದಿಗೆ ಶಾಯಿಯ ಕುಡಿಕೆ ಮೇಜಿನ ಮೇಲೆ ಅಲ್ಲಾಡಿತು. ಕಿಟಕಿಯ ಹಲಗೆ ಮುಚ್ಚಿ ದೀಪ ಹಚ್ಚಿಕೊಂಡೆ. ಚಿಕ್ಕವಳಿದ್ದಾಗ ಆ ರಾಕ್ಷಸನ ಕೈ ಮುಟ್ಟಿದರೆ ಎತ್ತರ ಬೆಳೆಯುತ್ತೇನೆಂದು ಅಣ್ಣನ ಹೆಗಲೇರಿ ಕೈಚಾಚುತ್ತಿದ್ದೆನಂತೆ. ಅಣ್ಣನೇ ಇವತ್ತು ಬೆಳಿಗ್ಗೆ ನೆನಪಿಸಿದ.

"ಬಾರೇ. ನನಗೆ ಕಾಣಲ್ಲ, ನೀನು ನೋಡಿ ಹೇಳು."

"ಝೆಫಿರ್ ಹೇಳ್ತಾನೆ."

"ಝೆಫಿರ್ ಕುಡಿದಿರ್ತಾನೆ, ಎರಡೆರಡು ರಾಕ್ಷಸರನ್ನ ನೋಡಿ ಹೇಳ್ತಾನೆ."

ಹೋಗಲಿಲ್ಲ. ಹದಿನಾಲ್ಕು ಭಾಗಾಕಾರ ಮಾಡಿದೆ. ಇಷ್ಟು ಯಾವತ್ತೂ ಆಗಿರಲಿಲ್ಲ. ನನ್ನ ಸಂಖ್ಯೆಗೆ ಮೆರವಣಿಗೆ ಬೇಕಿಲ್ಲ.

ಸಂಜೆ ಅಣ್ಣ ಬಂದಾಗ ಕಾಲರಿಗೆ ಬಣ್ಣದ ಕಾಗದ ಅಂಟಿತ್ತು. ಝೆಫಿರನ ಹೆಂಡತಿ ರೊಜಾಲಿ ಅವನನ್ನು ಕುಣಿಸಿದಳಂತೆ.

ಆಗಸ್ಟ್ ೧೬

ಚರ್ಚಿನಲ್ಲಿ ವತೇಲ್ ಅವರ ಮದುವೆಯ ಪ್ರಕಟಣೆ ಓದಿದರಂತೆ. ಹುಡುಗಿ ಒರ್ಶಿ ಊರಿನ ಹಾಲಿನ ಅಂಗಡಿಯವಳಂತೆ. ನಾನು ಪೂಜೆಗೆ ಹೋಗಿರಲಿಲ್ಲ, ಒಂದು ಶೇಷ ತಾಳೆಯಾಗುತ್ತಿರಲಿಲ್ಲ.

ಅಣ್ಣ ಈ ಸುದ್ದಿಯನ್ನು ಬಹಳ ಮೆಲ್ಲಗೆ, ನನ್ನ ಕೈಮೇಲೆ ಕೈಯಿಟ್ಟು ಹೇಳಿದ. ಯಾಕೆ ಅಷ್ಟು ಮೆಲ್ಲಗೆ ಹೇಳಿದನೋ. "ಒಳ್ಳೆಯದಾಯ್ತು" ಅಂದೆ. ಬರೆಯುವ ಕೈ ಅದು, ಬಿಡಿಸಿಕೊಂಡೆ.

ಒಂದು ಕೋಟಿ ಐದು ಲಕ್ಷ ದಾಟಿದೆ.

ಅಕ್ಟೋಬರ್ ೪

ಶಾಲೆಯಿಂದ ಕ್ರಿಸ್‌ಮಸ್‌ವರೆಗೆ ರಜೆ ಪಡೆದೆ. ಮುಖ್ಯೋಪಾಧ್ಯಾಯಿನಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ಅಣ್ಣನವರಿಗೆ ಹೇಗಿದೆ?" ಎಂದು ಕೇಳಿದರು. ಹಾಗೇ ಇದೆ ಎಂದೆ. ಸುಳ್ಳಲ್ಲ. ಕಣ್ಣು ಹಾಗೇ ಇದೆ.

ಇವತ್ತು ಅಣ್ಣ ಮೇಜಿಗೆ ಬರಲಿಲ್ಲ. ಕರೆದೆ. ಒಲೆಯ ಹತ್ತಿರ ಕೂತು ಪಾರಿವಾಳದ ಬುಟ್ಟಿಗೆ ಬೆತ್ತ ಹೆಣೆಯುತ್ತಿದ್ದ, ಬೆರಳಲ್ಲೇ ಮುಟ್ಟಿ ಮುಟ್ಟಿ.

"ಮುಂದಿನ ಸಂಖ್ಯೆ ಹೇಳು ಅಣ್ಣಾ."

"ಹೇಳಲ್ಲ."

"ಯಾಕೆ?"

"ಸಾಕು ಕ್ಲೋ. ನನಗೆ ಸಾಕಾಗಿದೆ. ಹೋದ ವರ್ಷ ನನಗೆ ಇದು ಬೇಕಿತ್ತು, ನೀನು ಕೊಟ್ಟೆ. ಬದುಕಿಸಿದೆ. ನಾನು ಮರೆಯಲ್ಲ. ಈಗ ನನಗೆ ಬೇರೆ ಇದೆ."

"ಬುಟ್ಟಿನಾ?"

"ಹೌದು, ಬುಟ್ಟಿನೇ. ಮುಗಿದ್ರೆ ಅದರಲ್ಲಿ ಹಕ್ಕಿ ಕೂರುತ್ತೆ." ಸ್ವಲ್ಪ ಹೊತ್ತು ಬಿಟ್ಟು ಹೇಳಿದ: "ನಿನ್ನ ದನಿ ಬದಲಾಗಿದೆ ಕಣೇ. ನಾನು ಮುಖ ನೋಡೋಕಾಗಲ್ಲ, ದನಿ ಕೇಳ್ತೀನಿ. ಊಟ ಮಾಡಿದೆಯಾ ಇವತ್ತು?"

ಊಟದ ಮಾತು ಇಲ್ಲಿ ಯಾಕೆ ಬಂತೋ. ಅವನು ಸೋತಿದ್ದಾನೆ, ಅಷ್ಟೇ. ಕಷ್ಟಪಟ್ಟು ಸಾಕಿದ ಸಂಖ್ಯೆಯನ್ನು ನಡುದಾರಿಯಲ್ಲಿ ಬಿಟ್ಟು ಹೋಗುವುದು ಎಂಥ ಮನಸ್ಸು! ೧೩೪ರ ಲೆಕ್ಕ ನನಗೇ ಬರುತ್ತದೆ, ಅವನ ತಲೆ ಬೇಕಾಗಿಲ್ಲ. ಇನ್ನೊಂದು ಜರಡಿಯೂ ಬರುತ್ತದೆ. ಒಬ್ಬಳೇ ಕೂತು ಆರು ಮುಗಿಸಿದೆ.

ಅಕ್ಟೋಬರ್ ೧೯

ಶೇಷ. ಶೇಷ. ಶೇಷ.

ನವೆಂಬರ್ ೩

ಡಾಕ್ಟರ್ ಲೆಸ್ತಿಯೆನ್ ಬಂದಿದ್ದರು. ಅಣ್ಣನೇ ಹೇಳಿಕಳಿಸಿದ್ದನಂತೆ. ನಾನು ಎದ್ದು ಅವನ ಕೋಣೆ ತೋರಿಸಿದೆ. ಅವರು ಹೋಗಲಿಲ್ಲ, ನನ್ನೆದುರು ಕುರ್ಚಿ ಎಳೆದು ಕೂತು ನನ್ನ ನಾಡಿ ಹಿಡಿದರು. ಕಣ್ಣಿನ ಕೆಳಗಿನ ಚರ್ಮ ಎಳೆದು ನೋಡಿದರು. ಪಾಪ, ವಯಸ್ಸಾಯಿತು, ರೋಗಿ ಯಾರು ಎಂಬುದೂ ಗೊಂದಲ.

"ನಿದ್ದೆ ಬರುತ್ತಾ?"

"ಅಣ್ಣನಿಗೆ ಚೆನ್ನಾಗಿ ಬರುತ್ತೆ. ಗೊರಕೆ ಹೊಡೀತಾನೆ."

ಆಮೇಲೆ ಅವರಿಬ್ಬರೂ ಹಿತ್ತಿಲಲ್ಲಿ ಮಾತಾಡಿಕೊಂಡರು. "ಹಾಳೆಗಳನ್ನ ಒಂದೇ ಸಲಕ್ಕೆ ಕಿತ್ತುಕೋಬೇಡಿ," ಎಂದು ಡಾಕ್ಟರ್ ಹೇಳುತ್ತಿದ್ದುದು ಕೇಳಿಸಿತು. ಯಾರ ಹಾಳೆಗಳೋ. ನಾನು ಹದಿಮೂರರ ಸಾಲು ಹೊಡೆಯುತ್ತಿದ್ದೆ, ಗಮನ ತಪ್ಪಿದರೆ ಮತ್ತೆ ಮೊದಲಿಂದ.

ಡಿಸೆಂಬರ್ ೬, ಭಾನುವಾರ

ಬರೆಯಲೇಬೇಕು.

ಮಧ್ಯಾಹ್ನ ದುಕಾಸ್ ಬಂದರು. ಹುಡುಗರ ಶಾಲೆಯಲ್ಲಿ ಅಣ್ಣನ ಜೊತೆ ಪಾಠ ಮಾಡುತ್ತಿದ್ದವರು, ಪ್ಯಾರಿಸ್ಸಿನ ಗಣಿತದ ಪತ್ರಿಕೆ ತರಿಸುತ್ತಾರೆ. ಕೋಟೂ ಬಿಚ್ಚದೆ ಬಾಗಿಲಲ್ಲೇ ನಿಂತು ಅಣ್ಣನನ್ನು ಹೆಸರು ಹಿಡಿದು ಕರೆದು, "ಒನೋರೆ, ನಿನ್ನ ಅರವತ್ತೇಳು ಒಡೀತು ಕಣೋ," ಅಂದರು.

ಅಣ್ಣ ಬೆತ್ತ ಕೆಳಗಿಟ್ಟ. "ಯಾರು?"

"ಅಮೆರಿಕದವರು ಒಬ್ರು. ಅಕ್ಟೋಬರ್ ಕೊನೆಗೆ ಅಲ್ಲಿನ ಸಭೆಯಲ್ಲಿ ತೋರಿಸಿದ್ರಂತೆ. ಎರಡು ತುಂಡು. ಬರ್ಕೊಂಡು ಬಂದಿದೀನಿ."

ಓದಿದರು. ನಾನು ಮೇಜಿನ ಹತ್ತಿರವೇ ಕೂತಿದ್ದೆ. ಚಿಕ್ಕದು ಹತ್ತೊಂಬತ್ತು ಕೋಟಿ ಮೂವತ್ತೇಳು ಲಕ್ಷ ಏಳು ಸಾವಿರದ ಏಳುನೂರ ಇಪ್ಪತ್ತೊಂದು. ದೊಡ್ಡದಕ್ಕೆ ಹನ್ನೆರಡು ಅಂಕಿ.

ಅಣ್ಣನಿಗೆ ನಗು ಶುರುವಾಯಿತು, ಮೆಲ್ಲಗೆ, ಹೊಟ್ಟೆಯೊಳಗಿಂದ. "ಹತ್ತೊಂಬತ್ತು ಕೋಟಿ! ಕ್ಲೋ, ನಾವು ಎಲ್ಲಿದ್ವಿ?"

"ಒಂದು ಕೋಟಿ ಇಪ್ಪತ್ತು ಲಕ್ಷ."

"ಅಂದ್ರೆ ಊರಬಾಗಿಲೂ ದಾಟಿರಲಿಲ್ಲ. ಹನ್ನೊಂದು ವರ್ಷ ನಾನು, ಮೇಲೆ ಒಂದು ವರ್ಷ ನೀನು, ಅಂಗಳದಲ್ಲೇ ಸುತ್ತುತಾ ಇದ್ವಿ." ಕಣ್ಣೊರೆಸಿಕೊಂಡ. "ಸದ್ಯ, ಮುಗೀತಲ್ಲ. ದುಕಾಸ್, ಕಪಾಟಿನಲ್ಲಿ ಜಿನ್ ಇದೆ, ತೆಗಿ. ಒಬ್ಬ ಮನುಷ್ಯ ಅದನ್ನ ಒಡೆದನಲ್ಲಾ, ಅವನ ಹೆಸರಲ್ಲಿ ಕುಡಿಯೋಣ. ಕ್ಲೋ, ನೀನೂ ಬಾ. ಬಿಟ್ಟುಬಿಡು ಆ ಪೆನ್ನು."

"ತಪ್ಪಿರಬಹುದು," ಅಂದೆ.

"ಅಚ್ಚಾಗಿದೆ ಮೇಡಂ," ಅಂದರು ದುಕಾಸ್.

"ಸನ್ಯಾಸಿಯ ಪುಸ್ತಕವೂ ಅಚ್ಚಾಗಿತ್ತು."

ದುಕಾಸ್ ಬರೆದು ತಂದ ಚೀಟಿ ತೆಗೆದುಕೊಂಡೆ. ಎರಡೂ ತುಂಡುಗಳ ಕೊನೆಯ ಮೂರಂಕಿ ಮೊದಲು ನೋಡಿದೆ. ೭೨೧ನ್ನು ೨೮೭ರಿಂದ ಗುಣಿಸಿದರೆ ೨೦೬೯೨೭. ಕೊನೆಗೆ ೯೨೭. ನಮ್ಮದೂ ೯೨೭. ಆಗಲೇ ಗೊತ್ತಾಯಿತು. ಆದರೂ ಇಡೀ ಗುಣಾಕಾರ ಮಾಡಿದೆ, ಅವರು ಕುಡಿಯುತ್ತಿದ್ದ ಹಾಗೇ. ಒಂದೊಂದು ಅಂಕಿಯೂ ಬಂದು ತನ್ನ ಜಾಗದಲ್ಲಿ ಕೂತಿತು. ಇಪ್ಪತ್ತೊಂದೂ. ಶೇಷವಿಲ್ಲ.

ಎಷ್ಟು ಸಾಮಾನ್ಯವಾಗಿ ಕಾಣುತ್ತದೆ ಆ ಚಿಕ್ಕ ಸಂಖ್ಯೆ. ಕೊನೆಗೆ ಇಪ್ಪತ್ತೊಂದು. ನಾನು ಬೇರೆ ಏನೋ ಎಣಿಸಿದ್ದೆ.

ಡಿಸೆಂಬರ್ ೭

ಲೆಕ್ಕ ಹಾಕಿದೆ. ನಾನು ಹೋಗುತ್ತಿದ್ದ ವೇಗದಲ್ಲಿ ಅಲ್ಲಿಗೆ ಮುಟ್ಟಲು ಇನ್ನೂ ಮೂವತ್ತೈದು ವರ್ಷ ಬೇಕಿತ್ತು. ಎಪ್ಪತ್ತು ದಾಟಿರುತ್ತಿತ್ತು ನನಗೆ. ಆಗಬಹುದಿತ್ತು. ನಮ್ಮ ಅಜ್ಜಿ ಎಂಬತ್ತೆರಡರವರೆಗೆ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದಳು.

ಆ ಅಮೆರಿಕದವನು ಸ್ವಲ್ಪ ತಾಳಬಹುದಿತ್ತು.

ಅಣ್ಣ ಬಂದು ಪಕ್ಕದಲ್ಲಿ ಕೂತ. ಮೇಜಿನ ಮೇಲೆ ತಡಕಿ ನನ್ನ ಕೈ ಹುಡುಕಿದ. "ಅಳ್ತಿದೀಯಾ?" ಎಂದು ಕೇಳಿದ. ಇಲ್ಲ ಎಂದೆ. ಅವನು ಬೆರಳಿಂದ ನನ್ನ ಕೆನ್ನೆ ಮುಟ್ಟಿ ನೋಡಿದ. ಒದ್ದೆಯಾಗಿತ್ತು. ಯಾವಾಗ ಆಗಿತ್ತೋ.

"ಶಾಲೆಗೆ ವಾಪಸ್ ಹೋಗು ಕ್ಲೋ. ಹುಡುಗಿಯರು ಕಾಯ್ತಿರ್ತಾರೆ."

"ಆ ಸನ್ಯಾಸಿ ಅರವತ್ತೇಳು ಒಂದನ್ನೇ ಹೇಳಿದ್ನಾ? ಇನ್ನೂ ಇತ್ತಲ್ಲ ಪಟ್ಟಿಯಲ್ಲಿ."

ಅವನ ಕೈ ನನ್ನ ಕೆನ್ನೆಯ ಮೇಲೇ ನಿಂತಿತು.

"ನಿನಗೆ ಹೇಳಲೇಬಾರದಿತ್ತು ನಾನು," ಅಂದ.

"ಹೇಳು."

"ಇನ್ನೂರ ಐವತ್ತೇಳು. ಅದನ್ನ ಯಾರೂ ಮುಟ್ಟಿಲ್ಲ. ಮುಟ್ಟೋಕಾಗಲ್ಲ. ಎಪ್ಪತ್ತೆಂಟು ಅಂಕಿ. ಒಡೆಯುತ್ತೋ ಇಲ್ಲವೋ ಅಂತಾನೂ ಗೊತ್ತಿಲ್ಲ, ಕ್ಲೋ. ಇದಕ್ಕೆ ಒಡೆಯುತ್ತೆ ಅನ್ನೋದಾದ್ರೂ ಗೊತ್ತಿತ್ತು. ಅದಕ್ಕೆ ಏನೂ ಇಲ್ಲ. ಕೇಳಿಸ್ಕೊಂಡೆಯಾ? ಹತ್ತು ಜನ್ಮ ಎತ್ತಿದ್ರೂ ಆಗಲ್ಲ."

ಕೇಳಿಸಿಕೊಂಡೆ. ಮನಸ್ಸಿಗೆ ಸಮಾಧಾನವಾಯಿತು.

ಡಿಸೆಂಬರ್ ೧೨

ಐದು ದಿನದಿಂದ ಎರಡರಿಂದ ಗುಣಿಸುತ್ತಿದ್ದೆ. ಇವತ್ತು ಮುಗಿಯಿತು. ಎಪ್ಪತ್ತೆಂಟು ಅಂಕಿ ಒಂದು ಸಾಲಿನಲ್ಲಿ ಹಿಡಿಸುವುದಿಲ್ಲ, ಎರಡು ಹಾಳೆ ಅಂಟಿಸಿದೆ. ಇದರ ಜರಡಿಗೆ ೧೩೪ರ ಬದಲು ೫೧೪. ಉಳಿದದ್ದೆಲ್ಲ ಮೊದಲಿನ ಹಾಗೆಯೇ.

ಅಣ್ಣ ಚಳಿಗಾಲ ಮುಗಿಯುವವರೆಗೆ ಝೆಫಿರನ ಮನೆಯಲ್ಲಿರುತ್ತಾನಂತೆ. ಗೂಡಿನ ಮಾಡು ಸೋರುತ್ತಿದೆ, ಬುಟ್ಟಿಗಳು ಬೇಕಾಗಿವೆ, ರೊಜಾಲಿ ಕೋಣೆ ಖಾಲಿ ಮಾಡಿಕೊಟ್ಟಿದ್ದಾಳೆ. ಕಾರಣ ಹೇಳುತ್ತ ಅವನ ದನಿ ಒಡೆಯಿತು. "ನಾನು ಇಲ್ಲಿದ್ರೆ ನೀನು ನನಗೋಸ್ಕರ ಅಂದ್ಕೊಂಡು ಕೂರ್ತೀಯ. ಇಲ್ಲದಿದ್ರೆ ಎದ್ದರೂ ಎದ್ದೀಯ. ಬೇರೆ ದಾರಿ ನನಗೆ ಕಾಣ್ತಿಲ್ಲ." ಝೆಫಿರ್ ಪೆಟ್ಟಿಗೆ ಹೊತ್ತುಕೊಂಡು ಕಾಯುತ್ತಿದ್ದ. ನನ್ನ ಕಡೆ ತಿರುಗಿ ಟೋಪಿ ಮುಟ್ಟಿದ.

"ನಾಳೆ ಮಧ್ಯಾಹ್ನ ಊಟಕ್ಕೆ ಬಾ," ಅಂದ ಅಣ್ಣ. "ರೊಜಾಲಿ ಮೊಲದ ಸಾರು ಮಾಡ್ತಾಳೆ, ಒಣಹಣ್ಣು ಹಾಕಿ. ಬರ್ತೀಯಲ್ಲ?"

ಬರುತ್ತೇನೆ ಎಂದೆ. ಓಣಿಯ ಕೊನೆಗೆ ಎಷ್ಟು ದೂರ!

ಡಿಸೆಂಬರ್ ೧೩, ಭಾನುವಾರ

ಮೊದಲನೆಯದು ೧೫೪೩. ಭಾಗವಾಗುವುದಿಲ್ಲ. ಮುಂದಿನ ಹದಿನೈದೂ ಜರಡಿಯಲ್ಲೇ ಉದುರಿದವು. ಆಮೇಲಿನದು ೯೭೬೭.

ಯಾರೋ ಬಂದು ಬಾಗಿಲು ತಟ್ಟಿದರು, ಹೆಸರು ಹಿಡಿದೂ ಕರೆದರು. ಅಂಕಿಗಳ ನಡುವೆ ಇದ್ದೆ, ನಿಲ್ಲಿಸುವ ಹಾಗಿರಲಿಲ್ಲ. ಬಹಳ ಹೊತ್ತು ನಿಂತಿದ್ದು ಹೋದರು. ಸಂಜೆ ನೋಡಿದರೆ ಮೆಟ್ಟಿಲ ಮೇಲೆ ಬಟ್ಟೆ ಮುಚ್ಚಿದ ಒಂದು ಪಾತ್ರೆ ಇತ್ತು. ಸಾರಿನ ಮೇಲೆ ಕೊಬ್ಬು ಹೆಪ್ಪುಗಟ್ಟಿತ್ತು.

ಅಣ್ಣನ ಕುರ್ಚಿಯ ಮೇಲೆ ಈಗ ಹಾಳೆಗಳನ್ನು ಇಟ್ಟಿದ್ದೇನೆ. ಜಾಗ ಸಾಲದೆ ಬಹಳ ತೊಂದರೆಯಾಗಿತ್ತು.

೯೭೬೭ರದ್ದನ್ನೂ ಮತ್ತೆ ಮತ್ತೆ ತಾಳೆ ನೋಡಿದೆ. ಶೇಷ ಉಳಿಯಿತು. ಒಳ್ಳೆಯದೇ ಆಯಿತು. ಮೊದಲ ದಿನವೇ ಸಿಕ್ಕಿಬಿಟ್ಟಿದ್ದರೆ ನಾಳೆಗೆ ಏನಿರುತ್ತಿತ್ತು?